ಒಂದೇ ಒಪ್ಪಂದ, ಎರಡು ವರ್ಷಾಂತ್ಯ: ಕೋಲಾರದ ಒಂದು ಅಪ್ರೆಂಟಿಸ್ ಪ್ರಕರಣ

ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿಯ ಹುಡುಗಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದಳು. ಆಮೇಲೆ ನರಸಾಪುರದ ಕಡೆಯ ಒಂದು ವಾಹನ ಬಿಡಿಭಾಗದ ಘಟಕದಲ್ಲಿ ಒಂದು ವರ್ಷ ಅಪ್ರೆಂಟಿಸ್ ಆಗಿ ದುಡಿದಳು. ಅದೇ ದಿನ, ಅದೇ ಘಟಕಕ್ಕೆ, ಅದೇ ಒಪ್ಪಂದಕ್ಕೆ ಸಹಿ ಹಾಕಿ ಅವಳ ಸಹಪಾಠಿ ಹುಡುಗನೊಬ್ಬನೂ ಸೇರಿದ. ವರ್ಷ ಮುಗಿದಾಗ ಇಬ್ಬರಿಗೂ ಒಂದೇ ಥರದ ಪ್ರಮಾಣಪತ್ರ ಸಿಕ್ಕಿತು. ಆದರೆ ಇಬ್ಬರೂ ನಿಂತಿದ್ದ ಜಾಗ ಮಾತ್ರ ಬೇರೆ ಬೇರೆ. ಹುಡುಗ ದಡ್ಡನಲ್ಲ, ಮಾರ್ಕ್ಸ್ ಅವನದೇ ಜಾಸ್ತಿ ಇತ್ತು. ಹಾಗಾದರೆ ವ್ಯತ್ಯಾಸ ಎಲ್ಲಿ ಆಯಿತು? ಅದನ್ನು ತಿಳಿಸಬೇಕು ಅಂತಲೇ ಈ ಪ್ರಕರಣವನ್ನು ವಿವರವಾಗಿ ಬರೆಯುತ್ತಿದ್ದೇನೆ.

ನಾನು ಅವರು ಓದಿದ ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುತ್ತೇನೆ. ಪ್ಲೇಸ್‌ಮೆಂಟ್ ಜವಾಬ್ದಾರಿಯೂ ನನ್ನದೇ. ಇಬ್ಬರ ಹೆಸರನ್ನೂ ಘಟಕದ ಹೆಸರನ್ನೂ ಇಲ್ಲಿ ಹೇಳುವುದಿಲ್ಲ. ಹುಡುಗಿ ಬರೆದಿಟ್ಟ ನೋಟ್‌ಬುಕ್, ಒಪ್ಪಂದದ ಪ್ರತಿ, ಅವರಿಬ್ಬರ ಜೊತೆ ಮತ್ತು ಘಟಕದವರ ಜೊತೆ ಆಡಿದ ಮಾತು, ಇಷ್ಟೇ ಈ ಬರಹದ ಆಧಾರ.

ಅಪ್ರೆಂಟಿಸ್ ದಾರಿ ಯಾಕೆ?

ಡಿಪ್ಲೊಮಾ ಮುಗಿದಾಗ ಅವಳ ಮುಂದೆ ಮೂರು ದಾರಿ ಇತ್ತು. ಡಿಪ್ಲೊಮಾ ಆದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಬಿಇಗೆ ಸೇರುವುದು ಒಂದು. ಮನೆಯವರಿಗೆ ಇಷ್ಟವಾದದ್ದು ಇದೇ. ಆದರೆ ಆ ವರ್ಷ ಟೊಮೆಟೊಗೆ ಹಾಕಿದ ದುಡ್ಡೇ ವಾಪಸ್ ಬಂದಿರಲಿಲ್ಲ. ತಮ್ಮ ಪಿಯುಸಿಯಲ್ಲಿದ್ದ. ಇನ್ನೂ ಮೂರು ವರ್ಷ ಫೀಸು, ಹಾಸ್ಟೆಲ್ ಅಂದರೆ ಸಾಲ ಮಾಡಲೇಬೇಕು. ಎರಡನೆಯದು, ಏಜೆನ್ಸಿ ಮೂಲಕ ದೊಡ್ಡ ಕಾರ್ಖಾನೆಯ ಅಸೆಂಬ್ಲಿ ಲೈನ್‌ಗೆ ಗುತ್ತಿಗೆ ಕೆಲಸಕ್ಕೆ ಹೋಗುವುದು. ನರಸಾಪುರ, ವೇಮಗಲ್, ಮಾಲೂರು ಕಡೆ ಇಂಥ ಕೆಲಸ ಬೇಗ ಸಿಗುತ್ತದೆ. ಸಂಬಳವೂ ಅಪ್ರೆಂಟಿಸ್ ಸ್ಟೈಪೆಂಡ್‌ಗಿಂತ ಜಾಸ್ತಿ. ಹೆದ್ದಾರಿಯ ಬಸ್ ಸ್ಟಾಪ್‌ಗಳಲ್ಲಿ ಬೆಳಗಿನ ಜಾವ ಬ್ಯಾಗ್ ಹಿಡಿದು ನಿಂತಿರುವ ಹುಡುಗ ಹುಡುಗಿಯರಲ್ಲಿ ಡಿಪ್ಲೊಮಾ, ಬಿಇ ಆದವರು ಎಷ್ಟೋ ಜನ ಇರುತ್ತಾರೆ. ಮೂರನೆಯದು ಅಪ್ರೆಂಟಿಸ್.

ಅವಳ ತಂದೆ ನನ್ನನ್ನು ನೇರವಾಗಿ ಕೇಳಿದರು. "ಸಾರ್, ಎಂಟು ಸಾವಿರಕ್ಕೆ ಒಂದು ವರ್ಷ ದುಡಿಯೋ ಬದಲು ಜಾಸ್ತಿ ಕೊಡೋ ಕಡೆ ಹೋಗಬಹುದಲ್ವಾ?" ನ್ಯಾಯವಾದ ಪ್ರಶ್ನೆ. ನಾನು ಕೊಟ್ಟ ಉತ್ತರವೂ ನೇರವೇ ಇತ್ತು. ಗುತ್ತಿಗೆ ಲೈನ್‌ನಲ್ಲಿ ಒಂದು ವರ್ಷ ಸ್ಕ್ರೂ ಹಾಕಿದ ಮೇಲೆ ಅವಳನ್ನು ಎಂಜಿನಿಯರಿಂಗ್ ಕೆಲಸಕ್ಕೆ ಕರೆಯುವವರು ಕಡಿಮೆ. ಇನ್ನೊಂದು ವಿಷಯವೂ ಇದೆ. ಡಿಪ್ಲೊಮಾ ಆದ ಮೇಲೆ ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕೆಲಸದ ಅನುಭವ ಆಗಿಬಿಟ್ಟರೆ ಸರ್ಕಾರದ ಅಪ್ರೆಂಟಿಸ್ ಯೋಜನೆಯ ಬಾಗಿಲು ಮುಚ್ಚುತ್ತದೆ. ಅಪ್ರೆಂಟಿಸ್ ಆಗುವುದಿದ್ದರೆ ಮೊದಲೇ ಆಗಬೇಕು.

ಕಾನೂನು ಏನು ಹೇಳುತ್ತದೆ

ನಮ್ಮಲ್ಲಿ ಅಪ್ರೆಂಟಿಸ್ ಕಾಯ್ದೆ ಬಂದದ್ದು 1961ರಲ್ಲಿ. ಮೊದಲು ಅದು ಐಟಿಐ ಥರದ ಟ್ರೇಡ್‌ಗಳಿಗಷ್ಟೇ ಇತ್ತು. 1973ರ ತಿದ್ದುಪಡಿಯಲ್ಲಿ ಎಂಜಿನಿಯರಿಂಗ್ ಪದವೀಧರರು ಮತ್ತು ಡಿಪ್ಲೊಮಾದವರು ಸೇರಿದರು. ಇವರ ಯೋಜನೆಗೆ ನ್ಯಾಟ್ಸ್ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆ) ಅಂತಾರೆ. ದಕ್ಷಿಣದ ರಾಜ್ಯಗಳಿಗೆ ಇದನ್ನು ನೋಡಿಕೊಳ್ಳುವ ಮಂಡಳಿ ಚೆನ್ನೈನಲ್ಲಿದೆ. 2019ರ ನಿಯಮದ ಪ್ರಕಾರ ಕನಿಷ್ಠ ಸ್ಟೈಪೆಂಡ್ ಪದವೀಧರರಿಗೆ ತಿಂಗಳಿಗೆ 9,000, ಡಿಪ್ಲೊಮಾದವರಿಗೆ 8,000 ರೂಪಾಯಿ ಇತ್ತು. ನ್ಯಾಟ್ಸ್‌ನಲ್ಲಿ ಈ ಕನಿಷ್ಠ ಮೊತ್ತದ ಅರ್ಧ ಸರ್ಕಾರದ್ದು. ಈ ಪ್ರಕರಣದಲ್ಲಿ ಕೊಟ್ಟದ್ದು ಕನಿಷ್ಠ ಮೊತ್ತವನ್ನೇ. 30 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಸಂಸ್ಥೆ, ಗುತ್ತಿಗೆಯವರನ್ನೂ ಸೇರಿಸಿ ತನ್ನ ಒಟ್ಟು ಸಿಬ್ಬಂದಿಯ ಶೇ. 2.5ರಿಂದ ಶೇ. 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು.

ಸಹಿ ಹಾಕುವ ಮುಂಚೆ ಮಕ್ಕಳು ಮತ್ತು ಮನೆಯವರು ಇಬ್ಬರೂ ತಿಳಿದಿರಬೇಕಾದ ಮಾತೊಂದಿದೆ. ಅಪ್ರೆಂಟಿಸ್ ಅಂದರೆ ಕಾನೂನಿನ ಕಣ್ಣಲ್ಲಿ ಕಾರ್ಮಿಕ ಅಲ್ಲ, ಕಲಿಯುವವ. ಹಾಗಾಗಿ ಕಾರ್ಮಿಕ ಕಾನೂನುಗಳ ಹೆಚ್ಚಿನ ರಕ್ಷಣೆ ಅವರಿಗೆ ಸಿಗುವುದಿಲ್ಲ. ವರ್ಷ ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತಲೂ ಇಲ್ಲ. ಅಂಥವರನ್ನು ನೇಮಿಸಿಕೊಳ್ಳುವ ಬಗ್ಗೆ ಸಂಸ್ಥೆ ತನ್ನದೇ ನೀತಿ ಮಾಡಿಕೊಳ್ಳಬೇಕು ಅಂತ 2014ರ ತಿದ್ದುಪಡಿ ಹೇಳುತ್ತದೆ, ಅಷ್ಟೇ. ಆದರೆ ಕಲಿಯುವವ ಅನ್ನುವ ಅದೇ ಮಾತು ಅಪ್ರೆಂಟಿಸ್ ಪರವಾಗಿಯೂ ನಿಲ್ಲುತ್ತದೆ. ತರಬೇತಿ ಕೊಡುವುದು ಮಾಲೀಕರ ಹೊಣೆ. ಕಲಿಕೆ ಎಷ್ಟು ಮುಂದುವರಿದಿದೆ ಅನ್ನುವ ದಾಖಲೆಯನ್ನೂ ಅವರೇ ಇಡಬೇಕು. ಸರ್ಕಾರ ನೇಮಿಸಿದ ಅಪ್ರೆಂಟಿಸ್ ಸಲಹೆಗಾರರ ಒಪ್ಪಿಗೆ ಇಲ್ಲದೆ ಓವರ್‌ಟೈಮ್ ಮಾಡಿಸುವ ಹಾಗಿಲ್ಲ. ತರಬೇತಿಯ ವೇಳೆ ಗಾಯವಾದರೆ ಪರಿಹಾರ ಮಾಲೀಕರೇ ಕೊಡಬೇಕು. ಹುಡುಗಿ ಇದನ್ನೆಲ್ಲ ಓದಿಕೊಂಡೇ ಹೋದಳು. ಈ ಪ್ರಕರಣದಲ್ಲಿ ಅದು ದೊಡ್ಡ ವ್ಯತ್ಯಾಸ ಮಾಡಿತು.

ಮೊದಲ ಮೂರು ತಿಂಗಳು

ಘಟಕ ಅಲ್ಯೂಮಿನಿಯಂ ಎರಕದ ಹೌಸಿಂಗ್‌ಗಳನ್ನು (ಬೇರಿಂಗ್ ಕೂರುವ ಹೊರಕವಚ) ಸಿಎನ್‌ಸಿ, ಅಂದರೆ ಕಂಪ್ಯೂಟರ್ ಪ್ರೋಗ್ರಾಂನಿಂದ ನಡೆಯುವ ಯಂತ್ರದಲ್ಲಿ ಕೊರೆದು ದೊಡ್ಡ ಕಂಪನಿಗಳಿಗೆ ಕಳಿಸುತ್ತದೆ. ಇಬ್ಬರನ್ನೂ ಮೊದಲ ದಿನವೇ ಲೈನ್‌ಗೆ ಹಾಕಿದರು. ಬಾಗಿಲು ತೆಗೆ, ಆದ ಜಾಬ್ (ಕೊರೆದು ಮುಗಿದ ಭಾಗ) ಹೊರಗಿಡು, ಏರ್ ಗನ್‌ನಿಂದ ಚಿಪ್ಸ್ ಊದು, ಜಾಬ್ ಹಿಡಿದಿಡುವ ಫಿಕ್ಸ್ಚರ್ ಒರೆಸು, ಹೊಸ ಎರಕ ಕೂರಿಸು, ಕ್ಲ್ಯಾಂಪ್ ಮಾಡು, ಬಾಗಿಲು ಹಾಕಿ ಹಸಿರು ಗುಂಡಿ ಒತ್ತು. ಮತ್ತೆ ಅದೇ. ಮೊದಲ ಎರಡು ವಾರ ಇದೂ ಕಲಿಕೆಯೇ. ಯಂತ್ರದ ಸದ್ದು ಬದಲಾದರೆ ಗೊತ್ತಾಗಬೇಕು, ಫಿಕ್ಸ್ಚರ್‌ನಲ್ಲಿ ಒಂದು ಚಿಪ್ ಸಿಕ್ಕಿಕೊಂಡರೂ ಜಾಬ್ ಹೇಗೆ ಓರೆ ಕೂರುತ್ತದೆ ಅಂತ ಕೈಗೆ ಗೊತ್ತಾಗಬೇಕು. ಆದರೆ ಮೂರು ತಿಂಗಳಾದರೂ ಅದೇ ಯಂತ್ರ, ಅದೇ ಗುಂಡಿ. ಪ್ರೋಗ್ರಾಂ ಮುಟ್ಟುವ ಹಾಗಿಲ್ಲ. ಆಫ್‌ಸೆಟ್, ಅಂದರೆ ಟೂಲ್ ಎಲ್ಲಿ ನಿಲ್ಲಬೇಕು ಅನ್ನುವ ಅಳತೆ, ಬದಲಿಸುವುದು ಯಂತ್ರ ಸಜ್ಜು ಮಾಡುವ ಸೆಟ್ಟರ್ ಒಬ್ಬರೇ.

ಒಪ್ಪಂದದ ಜೊತೆ ಒಂದು ತರಬೇತಿ ವೇಳಾಪಟ್ಟಿ ಇತ್ತು. ಉತ್ಪಾದನೆ, ಗುಣಮಟ್ಟ, ಟೂಲ್ ರೂಮ್, ಮೆಂಟೆನೆನ್ಸ್, ಇಷ್ಟಕ್ಕೂ ತಿಂಗಳು ಹಂಚಿದ್ದರು. ಹುಡುಗಿ ದಿನಾ ಕೆಲಸ ಮುಗಿದ ಮೇಲೆ ನೋಟ್‌ಬುಕ್‌ನಲ್ಲಿ ಎರಡು ಸಾಲು ಬರೆಯುತ್ತಿದ್ದಳು: ಇವತ್ತು ಯಾವ ಯಂತ್ರ, ಏನು ಹೊಸದು ಕಲಿತೆ. ಎರಡನೇ ತಿಂಗಳಿಂದ ಎರಡನೇ ಸಾಲು ಖಾಲಿ. ಪುಟದ ಮೇಲೆ ಪುಟ ಖಾಲಿ. ನನಗೆ ಆ ಖಾಲಿ ಸಾಲುಗಳನ್ನು ನೋಡಿ ನಿಜಕ್ಕೂ ಸಂಕಟ ಆಯಿತು.

ಅವಳು ಹೆಚ್‌ಆರ್ ಹತ್ತಿರ ಹೋಗಿ ವೇಳಾಪಟ್ಟಿ ತೋರಿಸಿ ಕೇಳಿದಳು. "ಲೈನ್‌ನಲ್ಲಿ ಜನ ಇಲ್ಲಮ್ಮಾ, ಮುಂದಿನ ತಿಂಗಳು ನೋಡೋಣ" ಅಂದರು. ಮುಂದಿನ ತಿಂಗಳೂ ಅದೇ ಉತ್ತರ. ಆಗ ನನಗೆ ಫೋನ್ ಮಾಡಿದಳು. ನಾನು ಘಟಕಕ್ಕೆ ಹೋಗಿ ಮ್ಯಾನೇಜರ್ ಜೊತೆ ಕೂತು ಮಾತಾಡಿದೆ. ಅವರು ಕೆಟ್ಟವರಲ್ಲ. ಗ್ರಾಹಕ ಕಂಪನಿಗೆ ದಿನದ ಲೆಕ್ಕದಲ್ಲಿ ಮಾಲು ಹೋಗಬೇಕು, ಹಬ್ಬ ಬಂದರೆ ಆಪರೇಟರ್‌ಗಳು ಊರಿಗೆ ಹೋಗುತ್ತಾರೆ, ಇದ್ದವರನ್ನು ಯಂತ್ರದ ಮುಂದೆ ನಿಲ್ಲಿಸುವುದು ಬಿಟ್ಟು ಬೇರೆ ಯೋಚನೆಗೆ ಅವರಿಗೆ ಬಿಡುವಿಲ್ಲ. ನಾನು ಕಾಯ್ದೆ ತೋರಿಸಿ ಹೆದರಿಸಲಿಲ್ಲ. ಒಂದೇ ಒಂದು ವಿಷಯ ಕೇಳಿದೆ: ಕಲಿಕೆಯ ಪ್ರಗತಿ ದಾಖಲೆಯಲ್ಲಿ ಈ ಮೂರು ತಿಂಗಳಿಗೆ ಏನು ಬರೆದು ಸಹಿ ಹಾಕುತ್ತೀರಿ? ಪಕ್ಕದಲ್ಲೇ ಹುಡುಗಿಯ ನೋಟ್‌ಬುಕ್ ಇತ್ತು. ಸ್ವಲ್ಪ ಹೊತ್ತು ಅದನ್ನೇ ತಿರುವಿ ಹಾಕಿದರು. ಕೊನೆಗೆ, ಬೆಳಗ್ಗೆ ಅರ್ಧ ಶಿಫ್ಟ್ ಲೈನ್, ಮಧ್ಯಾಹ್ನದಿಂದ ಗುಣಮಟ್ಟ ವಿಭಾಗ ಅಂತ ಒಪ್ಪಿದರು. ಇಬ್ಬರಿಗೂ ಒಪ್ಪಿದರು.

ಹುಡುಗ ಮಾತ್ರ ಹೋಗಲಿಲ್ಲ. ಅವನು ಲೈನ್‌ನಲ್ಲಿ ತುಂಬಾ ಚುರುಕು. ಲೈನ್ ಇನ್‌ಚಾರ್ಜ್ ಅವನನ್ನು ಬಿಟ್ಟುಕೊಡಲು ತಯಾರಿರಲಿಲ್ಲ. "ನೀನಿಲ್ದೆ ಇದ್ರೆ ಲೈನ್ ನಿಲ್ಲುತ್ತೆ ಕಣೋ" ಅಂದಾಗ ಹತ್ತೊಂಬತ್ತರ ಹುಡುಗನಿಗೆ ಖುಷಿ ಆಗದೆ ಇರುತ್ತದೆಯೇ? ಅದರ ಮೇಲೆ, ಎರಡನೇ ಶಿಫ್ಟ್‌ಗೂ ನಿಂತರೆ ಕೈಗೆ ಸ್ವಲ್ಪ ದುಡ್ಡು ಬರುತ್ತಿತ್ತು, ಯಾವ ದಾಖಲೆಯೂ ಇಲ್ಲದೆ. ಮನೆಯಲ್ಲಿ ಅಮ್ಮನ ಔಷಧಿ ಖರ್ಚು ಇತ್ತು. ಅವನನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ.

ಬೋರ್ ಸಣ್ಣದಾದ ಕಥೆ

ಗುಣಮಟ್ಟ ವಿಭಾಗದಲ್ಲಿ ಅವಳಿಗೆ ಸಿಕ್ಕವರು ಕೆಜಿಎಫ್‌ನ ಒಬ್ಬ ಹಿರಿಯ ಇನ್‌ಸ್ಪೆಕ್ಟರ್. ಅವರೂ ತಮ್ಮ ಕಾಲದಲ್ಲಿ ಅಪ್ರೆಂಟಿಸ್ ಆಗಿಯೇ ಶುರು ಮಾಡಿದವರು. ಅವರು ಮೊದಲ ವಾರ ಬೇರೇನೂ ಹೇಳಿಕೊಡಲಿಲ್ಲ. ಒಂದೇ ಜಾಬ್ ಕೊಟ್ಟು ಅದರ ಬೋರ್ ಅನ್ನು (ಕೊರೆದ ದುಂಡು ರಂಧ್ರ) ಬೋರ್ ಗೇಜ್‌ನಿಂದ ಮತ್ತೆ ಮತ್ತೆ ಅಳೆಯಲು ಹೇಳಿದರು. ಓದಿದ ಸಂಖ್ಯೆ ಪ್ರತಿ ಸಲವೂ ಒಂದೇ ಬರುವವರೆಗೆ. "ನಿನ್ ಕೈ ಮೇಲೆ ನಿಂಗೆ ನಂಬಿಕೆ ಬರಲಿ ಕಣಮ್ಮಾ, ಆಮೇಲೆ ಯಂತ್ರದ ಮೇಲೆ ಅನುಮಾನ ಪಡು" ಅಂದರಂತೆ. ಈ ಮಾತನ್ನು ನಾನು ಈಗ ಕ್ಲಾಸಿನಲ್ಲಿ ಹೇಳುತ್ತೇನೆ.

ಆಗ ಏಪ್ರಿಲ್. ಒಂದು ತೊಂದರೆ ನಡೆಯುತ್ತಲೇ ಇತ್ತು. ಹೌಸಿಂಗ್‌ನಲ್ಲಿ 6206 ಬೇರಿಂಗ್ ಕೂರುವ ಬೋರ್ 62 ಮಿಲಿಮೀಟರ್, ಎಚ್7 ಫಿಟ್. ಅಂದರೆ 62ಕ್ಕಿಂತ ಒಂದು ಮೈಕ್ರಾನ್ (ಮಿಲಿಮೀಟರ್‌ನ ಸಾವಿರದ ಒಂದು ಭಾಗ) ಕೂಡ ಸಣ್ಣದಿರಬಾರದು, ದೊಡ್ಡದಾದರೆ 30 ಮೈಕ್ರಾನ್‌ವರೆಗೆ ಸರಿ. ಲೈನ್‌ನಲ್ಲಿ ಅಳೆದಾಗ ಎಲ್ಲವೂ ಓಕೆ. ಅದೇ ಜಾಬ್ ಎಸಿ ರೂಮಿನ ಸಿಎಂಎಂ (ನಿಖರವಾಗಿ ಅಳೆಯುವ ಯಂತ್ರ) ಮೇಲೆ ಇಟ್ಟರೆ ಸಣ್ಣದು ಅಂತ ತೋರಿಸುತ್ತಿತ್ತು. ಬೋರ್ ಸಣ್ಣದಾದರೆ ಬೇರಿಂಗ್ ಬಿಗಿಯಾಗಿ ಕೂರುತ್ತದೆ, ಒಳಗಿನ ಸಡಿಲ ಹೋಗಿ ಬಿಸಿಯಾಗುತ್ತದೆ, ಸದ್ದು ಬರುತ್ತದೆ. ಗ್ರಾಹಕರಿಂದ ದೂರು ಬಂದಿತ್ತು. ಲೈನ್‌ನವರು ಸಿಎಂಎಂ ಸರಿ ಇಲ್ಲ ಅಂದರು. ಗುಣಮಟ್ಟದವರು ಆಪರೇಟರ್‌ಗೆ ಅಳೆಯಲು ಬರಲ್ಲ ಅಂದರು. ಇಬ್ಬರೂ ಹಟಕ್ಕೆ ಬಿದ್ದಿದ್ದರು.

ಹುಡುಗಿ ಎರಡೂ ಕಡೆ ಕೆಲಸ ಮಾಡುತ್ತಿದ್ದಳು, ಹಾಗಾಗಿ ಅವಳಿಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಬೆಳಗಿನ ಮೊದಲ ಜಾಬ್‌ಗಳಲ್ಲಿ ಎರಡು ಅಳತೆಗೂ ವ್ಯತ್ಯಾಸ ಕಡಿಮೆ. ಊಟದ ನಂತರದವುಗಳಲ್ಲಿ ಜಾಸ್ತಿ. ಮಧ್ಯಾಹ್ನ ಯಂತ್ರದಿಂದ ತೆಗೆದ ಜಾಬ್ ಗ್ಲೌಸ್ ಹಾಕಿದ್ದರೂ ಬೆಚ್ಚಗೆ ಇರುತ್ತಿತ್ತು. ಕೆಲವು ಜಾಬ್‌ಗಳಿಗೆ ಮಾರ್ಕರ್‌ನಿಂದ ನಂಬರ್ ಬರೆದಳು. ತೆಗೆದ ಕೂಡಲೇ ಒಮ್ಮೆ, ಅರ್ಧ ಗಂಟೆಗೆ ಒಮ್ಮೆ, ಎಸಿ ರೂಮಿನಲ್ಲಿ ರಾತ್ರಿ ಇಟ್ಟು ಬೆಳಗ್ಗೆ ಒಮ್ಮೆ ಅಳೆದು ಬರೆದಳು. ಬೋರ್ ಸಣ್ಣದಾಗುತ್ತಾ ಹೋಗಿತ್ತು. ಇನ್‌ಸ್ಪೆಕ್ಟರ್ ಒಂದು ಥರ್ಮಾಮೀಟರ್ ತಂದುಕೊಟ್ಟು, "ಈಗ ಲೆಕ್ಕ ಹಾಕು" ಅಂದರು.

ಲೆಕ್ಕ ಅವಳು ಪಾಲಿಟೆಕ್ನಿಕ್‌ನಲ್ಲಿ ಓದಿದ್ದೇ. ಡ್ರಾಯಿಂಗ್‌ನ ಅಳತೆಗಳನ್ನೆಲ್ಲ 20 ಡಿಗ್ರಿ ಸೆಲ್ಸಿಯಸ್‌ಗೆ ಬರೆದಿರುತ್ತಾರೆ. ಇಂಥ ಎರಕದ ಅಲ್ಯೂಮಿನಿಯಂನಲ್ಲಿ 62 ಮಿಲಿಮೀಟರ್ ಬೋರ್ ಒಂದು ಡಿಗ್ರಿಗೆ ಸುಮಾರು 1.3 ಮೈಕ್ರಾನ್ ಹಿಗ್ಗುತ್ತದೆ. ಜಾಬ್ 40 ಡಿಗ್ರಿ ಇತ್ತು, ಅಂದರೆ 26 ಮೈಕ್ರಾನ್ ಹಿಗ್ಗಿದೆ. ಆದರೆ ಸಿಎಂಎಂ ಜೊತೆ ಬಂದ ವ್ಯತ್ಯಾಸ 26 ಅಲ್ಲ, 16ರ ಆಸುಪಾಸು. ಉಳಿದ ಹತ್ತು ಎಲ್ಲಿ ಹೋಯಿತು? ಇಲ್ಲಿ ಅವಳು ಎರಡು ದಿನ ಒದ್ದಾಡಿದಳು. ಆಮೇಲೆ ಹೊಳೆಯಿತು. ಬೋರ್ ಗೇಜ್ ಸೊನ್ನೆ ಮಾಡುವುದು ಉಕ್ಕಿನ ಸೆಟ್ಟಿಂಗ್ ರಿಂಗ್ (ಅಳತೆ ಗೊತ್ತಿರುವ ಬಳೆ) ಇಟ್ಟುಕೊಂಡು. ಆ ರಿಂಗ್ ಯಂತ್ರದ ಪಕ್ಕದ ಮೇಜಿನ ಮೇಲೆ, 34 ಡಿಗ್ರಿ ಸೆಕೆಯಲ್ಲಿ ಇರುತ್ತದೆ. ಉಕ್ಕು ಡಿಗ್ರಿಗೆ ಸುಮಾರು 0.7 ಮೈಕ್ರಾನ್ ಹಿಗ್ಗುತ್ತದೆ. 14 ಡಿಗ್ರಿಗೆ ಹತ್ತು ಮೈಕ್ರಾನ್. ಅಳೆಯುವ ರಿಂಗೇ ಹತ್ತು ಮೈಕ್ರಾನ್ ಹಿಗ್ಗಿದ್ದರಿಂದ ಗೇಜ್ ಅಷ್ಟನ್ನು ಮುಚ್ಚಿಹಾಕಿತ್ತು. 26ರಲ್ಲಿ 10 ಕಳೆದರೆ 16. ಲೆಕ್ಕ ಕೂಡಿತು. ಲೈನ್‌ನಲ್ಲಿ ಬೋರ್ +10 ಮೈಕ್ರಾನ್ ಅಂತ ಪಾಸ್ ಮಾಡಿದ ಜಾಬ್, ನಿಜದಲ್ಲಿ 6 ಮೈಕ್ರಾನ್ ಸಣ್ಣದು.

ಇಷ್ಟಕ್ಕೇ ನಿಲ್ಲಲಿಲ್ಲ. ಜಾಬ್ ತಣ್ಣಗಾಗಿ ಶಾಪ್‌ನ 34 ಡಿಗ್ರಿಗೆ ಬಂದ ಮೇಲೆ ಅಳೆದರೆ ಸಾಕಲ್ವಾ ಅಂತ ಲೈನ್‌ನವರು ಕೇಳಿದರು. ಸಾಲದು. ರಿಂಗು ಮತ್ತು ಜಾಬ್ ಎರಡೂ 34ರಲ್ಲೇ ಇದ್ದರೂ ಅಲ್ಯೂಮಿನಿಯಂ ಜಾಸ್ತಿ ಹಿಗ್ಗುವುದರಿಂದ 8 ಮೈಕ್ರಾನ್ ವ್ಯತ್ಯಾಸ ಉಳಿದೇ ಉಳಿಯುತ್ತದೆ. ಅದಕ್ಕೆ ಅವಳು ಶಾಪ್‌ನ ಉಷ್ಣತೆಗೆ ತಕ್ಕಂತೆ ಗೇಜ್‌ನಲ್ಲಿ ಎಷ್ಟರಿಂದ ಎಷ್ಟರವರೆಗೆ ಓದಿದರೆ ಸರಿ ಅನ್ನುವ ಒಂದು ಪಟ್ಟಿ ಮಾಡಿದಳು. ಇನ್‌ಸ್ಪೆಕ್ಟರ್ ಅದನ್ನು ಸಿಎಂಎಂ ಜೊತೆ ತಾಳೆ ನೋಡಿ, ತಿದ್ದಿ, ಗುಣಮಟ್ಟ ವಿಭಾಗದ ಮುಖ್ಯಸ್ಥರ ಸಹಿ ಹಾಕಿಸಿ ಯಂತ್ರದ ಪಕ್ಕ ಅಂಟಿಸಿದರು. ಜಾಬ್ ತಣಿಯಲು ಫ್ಯಾನ್ ಇರುವ ಒಂದು ಮೇಜು ಬಂತು. ಸೆಟ್ಟರ್ ಬೋರಿಂಗ್ ಟೂಲ್‌ನ ಆಫ್‌ಸೆಟ್ ಸ್ವಲ್ಪ ಮೇಲಕ್ಕೆ ಸರಿಸಿದರು. ಆ ದೂರು ಮತ್ತೆ ಬರಲಿಲ್ಲ.

ಇದು ದೊಡ್ಡ ಸಂಶೋಧನೆ ಏನಲ್ಲ. ಮಾಪನದ ಯಾವ ಪುಸ್ತಕದಲ್ಲೂ ಇದು ಇರುತ್ತದೆ, ನಾನೇ ಪಾಠ ಮಾಡುತ್ತೇನೆ. ಆದರೆ ಪರೀಕ್ಷೆಯಲ್ಲಿ ಐದು ಮಾರ್ಕ್ಸಿಗೆ ಬರೆದ ಸೂತ್ರ ಬೇರೆ, ಎರಡು ವಿಭಾಗ ಜಗಳವಾಡುವಾಗ ಬೆಚ್ಚಗಿನ ಜಾಬ್ ಕೈಯಲ್ಲಿ ಹಿಡಿದು ಅದೇ ಸೂತ್ರವನ್ನು ನೆನೆಸಿಕೊಳ್ಳುವುದೇ ಬೇರೆ. ಎಂಜಿನಿಯರ್ ಆಗುವುದು ಇಲ್ಲಿಂದ ಶುರು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಅವಳನ್ನು ಗುಣಮಟ್ಟ ವಿಭಾಗಕ್ಕೆ ಬಿಡದೇ ಇದ್ದಿದ್ದರೆ ಇದು ಆಗುತ್ತಿರಲಿಲ್ಲ. ಮೊದಲ ಮೂರು ತಿಂಗಳು ಲೈನ್‌ನಲ್ಲಿ ನಿಲ್ಲದೇ ಇದ್ದಿದ್ದರೂ ಆಗುತ್ತಿರಲಿಲ್ಲ. ಮಧ್ಯಾಹ್ನದ ಜಾಬ್ ಬೆಚ್ಚಗಿರುತ್ತದೆ ಅನ್ನುವುದು ಎಸಿ ರೂಮಿನಲ್ಲಿ ಕೂತವರಿಗೆ ತಿಳಿಯುವುದಿಲ್ಲ.

ಉಳಿದ ತಿಂಗಳು

ಇದಾದ ಮೇಲೆ ಅವಳನ್ನು ತಡೆಯುವವರು ಯಾರೂ ಇರಲಿಲ್ಲ. ಸೆಟ್ಟರ್ ತಾನಾಗಿಯೇ ಕರೆದು ಆಫ್‌ಸೆಟ್ ಹಾಕುವುದು, ಇನ್ಸರ್ಟ್ (ಟೂಲ್‌ನ ಕತ್ತರಿಸುವ ತುದಿ) ಸವೆತ ನೋಡುವುದು ಹೇಳಿಕೊಟ್ಟರು. ಮೆಂಟೆನೆನ್ಸ್‌ನಲ್ಲಿ ಎರಡು ತಿಂಗಳು ಕಳೆದಳು. ಟೂಲ್ ರೂಮ್ ಮಾತ್ರ ಹೆಸರಿಗಷ್ಟೇ ಆಯಿತು. ತಿಂಗಳ ಕೊನೆಯಲ್ಲಿ ಒಮ್ಮೆ ಎರಡನೇ ಶಿಫ್ಟ್‌ಗೂ ನಿಲ್ಲಲು ಹೇಳಿದಾಗ, ಒಪ್ಪಂದದ ಪ್ರಕಾರ ಆಗಲ್ಲ ಸಾರ್ ಅಂತ ಮೃದುವಾಗಿಯೇ ಹೇಳಿದಳು. ಮತ್ತೆ ಕೇಳಲಿಲ್ಲ.

ದುಡ್ಡಿನ ಕಷ್ಟ ಮಾತ್ರ ಕೊನೆವರೆಗೂ ಇತ್ತು. ರೂಮ್ ಬಾಡಿಗೆ, ಊಟ, ಊರಿಗೆ ಹೋಗಿಬರುವ ಬಸ್ ಚಾರ್ಜು ಕಳೆದರೆ 8,000ದಲ್ಲಿ ಮನೆಗೆ ಕಳಿಸಲು ಏನೂ ಉಳಿಯುತ್ತಿರಲಿಲ್ಲ. ಎಷ್ಟೋ ತಿಂಗಳು ಮನೆಯಿಂದಲೇ ಅಕ್ಕಿ, ರಾಗಿ ಹಿಟ್ಟು ತಂದುಕೊಂಡಳು. ಯುವನಿಧಿಯೂ ಸಿಗುವುದಿಲ್ಲ, ಅಪ್ರೆಂಟಿಸ್ ವೇತನ ಪಡೆಯುವವರಿಗೆ ಅದು ಇಲ್ಲ. ಮನೆಯ ಆಸರೆ ಇಲ್ಲದ ಮಕ್ಕಳು ಈ ದಾರಿಯಲ್ಲಿ ಒಂದು ವರ್ಷ ತಡೆದುಕೊಳ್ಳುವುದು ಕಷ್ಟ. ಓವರ್‌ಟೈಮ್‌ನ ಕೈಕಾಸಿಗೆ ಆ ಹುಡುಗ ಒಲಿದದ್ದರ ಹಿಂದೆ ಇರುವುದೂ ಇದೇ. ಕಲಿಯುವ ವರ್ಷದಲ್ಲಿ ಹೊಟ್ಟೆಗೆ ಸಾಲುವಷ್ಟಾದರೂ ಕೊಡಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ.

ವರ್ಷ ಮುಗಿದ ಮೇಲೆ

ಘಟಕ ಇಬ್ಬರಿಗೂ ಲೈನ್‌ನಲ್ಲಿ ಗುತ್ತಿಗೆ ಆಪರೇಟರ್ ಕೆಲಸ ಕೊಡುತ್ತೇವೆ ಅಂದಿತು. ಹುಡುಗ ಒಪ್ಪಿಕೊಂಡ. ಹುಡುಗಿ ಗುಣಮಟ್ಟ ವಿಭಾಗದಲ್ಲಿ ಕೆಲಸ ಕೇಳಿದಳು, ಜಾಗ ಇಲ್ಲ ಅಂದರು. ಮಾಲೂರಿನ ಕಡೆ ಇನ್ನೊಂದು ಘಟಕದ ಸಂದರ್ಶನಕ್ಕೆ ಹೋದಳು. ಅಲ್ಲಿ ಪ್ರಮಾಣಪತ್ರವನ್ನು ಒಂದು ಸಲ ನೋಡಿ ಪಕ್ಕಕ್ಕಿಟ್ಟರು. ನೋಟ್‌ಬುಕ್ ತೆರೆದು, ಉಳಿದ ಹತ್ತು ಮೈಕ್ರಾನ್ ಬಗ್ಗೆ ಅರ್ಧ ಗಂಟೆ ಕೇಳಿದರು. ಈಗ ಅಲ್ಲಿ ಜೂನಿಯರ್ ಕ್ವಾಲಿಟಿ ಎಂಜಿನಿಯರ್ ಆಗಿದ್ದಾಳೆ. ಬಿಇ ಮಾಡುವ ಆಸೆ ಬಿಟ್ಟಿಲ್ಲ, ತಮ್ಮನ ಓದು ಒಂದು ದಡ ಸೇರಲಿ ಅಂತ ಕಾಯುತ್ತಿದ್ದಾಳೆ.

ಹುಡುಗನ ಜೊತೆ ನಾನು ಆಮೇಲೆ ಕೂತು ಮಾತಾಡಿದೆ. "ಒಂದು ವರ್ಷ ಏನು ಕಲಿತೆ ಅಂತ ಇಂಟರ್‌ವ್ಯೂನಲ್ಲಿ ಕೇಳಿದ್ರೆ ಹೇಳೋಕೆ ಒಂದೇ ಮಾತು ಇರುತ್ತೆ ಸಾರ್, ಲೈನ್ ಓಡಿಸ್ತಿದ್ದೆ ಅಂತ" ಅಂದ. ಅವನ ಕೈಗೆ ಯಂತ್ರ ಚೆನ್ನಾಗಿ ಗೊತ್ತು, ಅದು ಸಣ್ಣ ಬಂಡವಾಳ ಅಲ್ಲ. ಸಿಎನ್‌ಸಿ ಪ್ರೋಗ್ರಾಮಿಂಗ್‌ನ ಒಂದು ಅಲ್ಪಾವಧಿ ಕೋರ್ಸ್‌ಗೆ ಸೇರಲು ಹೇಳಿದ್ದೇನೆ. ರಜಾ ದಿನಗಳಲ್ಲಿ ಹೋಗುತ್ತಿದ್ದಾನೆ.

ಪಾಲಿಟೆಕ್ನಿಕ್‌ನಲ್ಲಿ ನಾವು ಕೆಲವು ವಿಷಯ ಬದಲಿಸಿದ್ದೇವೆ. ಮಕ್ಕಳನ್ನು ಕಳಿಸುವ ಮುಂಚೆ ಘಟಕಕ್ಕೆ ಹೋಗಿ, ಕಳೆದ ವರ್ಷದ ಅಪ್ರೆಂಟಿಸ್‌ಗಳು ಯಾವ್ಯಾವ ವಿಭಾಗದಲ್ಲಿ ಎಷ್ಟು ದಿನ ಇದ್ದರು ಅಂತ ಕೇಳುತ್ತೇವೆ. ಕಲಿಸುವವರು ಯಾರು ಅಂತ ಒಬ್ಬರ ಹೆಸರು ಬರೆದು ಕೊಡಲು ಹೇಳುತ್ತೇವೆ. ಹೆಚ್‌ಆರ್‌ನವರ ಹೆಸರಲ್ಲ, ಶಾಪ್‌ನಲ್ಲಿ ಕೈ ಹಿಡಿದು ತೋರಿಸುವವರ ಹೆಸರು. ಎರಡೂ ಸಿಗದ ಕಡೆಗೆ ಕಳಿಸುವುದನ್ನು ನಿಲ್ಲಿಸಿದ್ದೇವೆ. ಮಕ್ಕಳಿಗೆ ಮೊದಲ ದಿನವೇ ನೋಟ್‌ಬುಕ್ ಕೊಟ್ಟು, ಎರಡನೇ ಸಾಲು ಎರಡು ವಾರ ಸತತ ಖಾಲಿ ಬಂದರೆ ತಕ್ಷಣ ಫೋನ್ ಮಾಡಿ ಅಂತ ಹೇಳುತ್ತೇವೆ. ಮೂರು ತಿಂಗಳು ಕಾಯಬೇಡಿ ಅಂತಲೂ ಹೇಳುತ್ತೇವೆ.

ನರಸಾಪುರದ ಆ ಘಟಕಕ್ಕೆ ಈ ವರ್ಷವೂ ನಾಲ್ವರು ಹೋಗಿದ್ದಾರೆ. ವೇಳಾಪಟ್ಟಿಯಲ್ಲಿ ನಾಲ್ವರಿಗೂ ಬೇರೆ ಬೇರೆ ವಿಭಾಗದಿಂದ ಶುರು ಮಾಡಿದ್ದಾರೆ. ಕಲಿಸುವವರ ಜಾಗದಲ್ಲಿ ಬರೆದಿರುವುದು ಕೆಜಿಎಫ್‌ನ ಆ ಇನ್‌ಸ್ಪೆಕ್ಟರ್ ಹೆಸರನ್ನೇ. ಅವರಿಗೆ ನಿವೃತ್ತಿಗೆ ಇನ್ನು ಹೆಚ್ಚು ದಿನ ಇಲ್ಲ. ಅವರ ನಂತರ ಯಾರು ಅಂತ ಮ್ಯಾನೇಜರ್ ಜೊತೆ ಮಾತು ನಡೆಯುತ್ತಿದೆ.